ಎರಡು ಸಲ ಅಡವಿಟ್ಟ ಡಬ್ಬಗಳು

ಬೆಳಗಿನ ಹತ್ತು ಗಂಟೆಗೆ ಮೊದಲ ಲಾರಿ ಬಂದು ಗೋದಾಮಿನ ಗೇಟಿಗೆ ಮೂತಿ ಒತ್ತಿ ನಿಂತಾಗ ಬೀಗದಕ್ಕ ರಸ್ತೆಯ ಕಡೆ ನೋಡಿದಳು. ಎರಡನೆಯ ಲಾರಿಯೂ ಬಂದೇ ಬರುತ್ತದೆಂದು ಆ ಅಂಗಳದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಗೋದಾಮಿನ ಬೀಗದ ಕೈಯೂ ಸರಕೂ ಅವಳ ಸುಪರ್ದಿಯಲ್ಲಿದ್ದುದರಿಂದ ಆ ಹೆಸರು. ಹನ್ನೊಂದು ವರ್ಷದಿಂದ ಅದೇ ಕಬ್ಬಿಣದ ಮೇಜು, ಅದೇ ಕಾಲು ಅಲ್ಲಾಡುವ ಕುರ್ಚಿ. ಕಂಪನಿಯದು ತಂತಿಯಿಲ್ಲದ ಇಂಟರ್ನೆಟ್ಟಿನ ವ್ಯಾಪಾರ. ಎತ್ತರದ ಟವರಿನ ಮೇಲೊಂದು ರೇಡಿಯೊ ಡಬ್ಬ, ಗಿರಾಕಿಯ ಮನೆಯ ಮೇಲೊಂದು ಸಣ್ಣ ಡಬ್ಬ. ನಡುವೆ ಬರೀ ಗಾಳಿ. ಟವರ್ ಹತ್ತುವವರು ಮಾಲೀಕನಿಗೆ ಗಾಳಿಸಾಹುಕಾರ ಎಂದು ಹೆಸರಿಟ್ಟಿದ್ದರು. "ಸರಕೂ ಗಾಳೀಲಿ ಕಳಿಸ್ತಾನೆ, ಸಂಬಳಾನೂ ಗಾಳೀಲೇ ಕಳಿಸ್ತಾನೆ. ಕೈಗೆ ಮಾತ್ರ ಸಿಗಲ್ಲ," ಎಂದು ಎಲ್ಲರನ್ನೂ ನಗಿಸುತ್ತಿದ್ದವನು ಅವಳ ತಮ್ಮ. ಟವರಿನವರಿಗೆಲ್ಲ ಅವನೇ ಮುಂದಾಳು. ಮಾಲೀಕನ ಕೈಕಾಲು ಹಿಡಿದು ಅವನನ್ನು ಕೆಲಸಕ್ಕೆ ಸೇರಿಸಿದವಳು ಅವಳೇ.

ಹನ್ನೊಂದು ವರ್ಷದಲ್ಲಿ ಒಂದು ವರ್ಷವೂ ಕಂಪನಿ ಲಾಭದ ಮುಖ ಕಂಡಿರಲಿಲ್ಲ. ಗಿರಾಕಿ ಕೊಡುವ ದುಡ್ಡಿಗಿಂತ ಅವನಿಗೆ ಸಂಪರ್ಕ ಮುಟ್ಟಿಸುವ ಖರ್ಚೇ ಜಾಸ್ತಿ. ಗಿರಾಕಿಗಳು ಹೆಚ್ಚಿದಷ್ಟೂ ನಷ್ಟ ಹೆಚ್ಚಿತು. ಹಳೆಯ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ, ಅದರ ಬಡ್ಡಿಗೆ ಇನ್ನೊಂದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ದುಡ್ಡು ಕರಗುತ್ತಿತ್ತು. ಆದರೂ ಮಾಲೀಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು, "ಬರೋ ವರ್ಷ ನೋಡಿ," ಎನ್ನುತ್ತಲೇ ಇದ್ದ.

ಎರಡು ವರ್ಷದ ಹಿಂದೆ ಅವನು ಅವಳ ಮೇಜಿಗೆ ಬಂದು ದನಿ ತಗ್ಗಿಸಿ ಕೇಳಿದ್ದ: "ಅಕ್ಕ, ಗೋದಾಮಿನಲ್ಲಿರೋ ಆ ಮುನ್ನೂರ ನಲವತ್ತು ರೇಡಿಯೊಗಳ ನಂಬರ್ ಬರೆದು ಇನ್ನೊಂದು ಪಟ್ಟಿ ಮಾಡಿಕೊಡಿ. ಇನ್ನೊಬ್ಬರ ಹತ್ತಿರ ಸಾಲ ಮಾತಾಡಿದೀನಿ."

"ಸಾರ್, ಅವೆಲ್ಲ ಆಗಲೇ ಬ್ಯಾಂಕಿಗೆ ಅಡವಿಟ್ಟವು."

"ಎರಡೇ ತಿಂಗಳ ಮಾತು. ಹೊಸ ಬಂಡವಾಳ ಬಂದ ತಕ್ಷಣ ಬಿಡಿಸ್ಕೋತೀನಿ. ಈ ದುಡ್ಡು ಬರದಿದ್ರೆ ಮೊದಲು ನಿಲ್ಲೋದು ಟವರಿನವರ ಸಂಬಳ. ನಿಮ್ಮ ತಮ್ಮನದೂ ಸೇರಿ."

ಅವಳು ಬರೆದಳು. ಕೆಳಗೆ ಸಹಿಯನ್ನೂ ಹಾಕಿದಳು. ಬಡ್ಡಿ ಸಾಹುಕಾರ ದುಡ್ಡು ಕೊಟ್ಟ. ಎರಡು ತಿಂಗಳು ಎರಡು ವರ್ಷವಾಯಿತು, ಬಂಡವಾಳ ಬರಲಿಲ್ಲ. ನಾಲ್ಕು ತಿಂಗಳ ಹಿಂದೆ ಬ್ಯಾಂಕಿನ ಕಂತು ತಪ್ಪಿತು, ಕಳೆದ ವಾರ ಜಪ್ತಿಗೆ ಕೋರ್ಟಿನ ಆದೇಶವಾಯಿತು. ಒಂದು ಸಾಲದ ಕಂತು ತಪ್ಪಿದರೆ ಉಳಿದ ಸಾಲಗಳನ್ನೂ ಆ ಕ್ಷಣವೇ ತೀರಿಸಬೇಕೆಂದು ಎಲ್ಲ ಪತ್ರಗಳಲ್ಲೂ ಬರೆದಿತ್ತು. ಸುದ್ದಿಗೇನು, ಕಾಲಿಲ್ಲದಿದ್ದರೂ ಬಡ್ಡಿ ಸಾಹುಕಾರನ ತನಕ ಓಡುತ್ತದೆ.

ಮೊದಲ ಲಾರಿಯಲ್ಲಿ ಬಂದವರು ಬ್ಯಾಂಕಿನ ಕಡೆಯವರು. ಕನ್ನಡಕದ ಗುಮಾಸ್ತನೊಬ್ಬ, ಎಂಟು ಮಂದಿ ಹಮಾಲರು. ಗುಮಾಸ್ತ ಕೋರ್ಟಿನ ಆದೇಶ ತೋರಿಸಿದ. ಅವಳು ಗೇಟು ತೆಗೆದಳು. ನಲವತ್ತು ಡಬ್ಬ ಲಾರಿಗೇರುವಷ್ಟರಲ್ಲಿ ಎರಡನೆಯ ಲಾರಿ ಬಂತು. ಅದರಿಂದ ಧುಮುಕಿದವರ ಕೈಯಲ್ಲಿ ಕಬ್ಬಿಣದ ಸರಳುಗಳಿದ್ದವು. ಮುಂದಿದ್ದ ಕೆಂಪು ಟೋಪಿಯವನು ಬಡ್ಡಿ ಸಾಹುಕಾರನ ಪಟ್ಟಿಯನ್ನು ಗುಮಾಸ್ತನ ಎದೆಗೆ ಒತ್ತಿದ.

"ಇಳಿಸೋ ಕೆಳಗೆ. ಇವು ನಮ್ಮ ಮಾಲು."

"ನೋಡಿ, ಕೋರ್ಟಿನ ಆದೇಶ..."

"ನಂಬರ್ ಓದ್ಕೋ. ಸಹಿ ನೋಡು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದೇ ಡಬ್ಬವನ್ನು ಇವರು ಮೇಲೆತ್ತಿದರೆ ಅವರು ಕೆಳಗೆಳೆದರು. ಅಷ್ಟರಲ್ಲಿ ಅವಳ ತಮ್ಮ ಹದಿನೈದು ಮಂದಿ ಟವರಿನವರನ್ನು ಕಟ್ಟಿಕೊಂಡು ಗೇಟಿನೊಳಗೆ ನುಗ್ಗಿದ. ಐದು ತಿಂಗಳಿಂದ ಅವರಿಗೆ ಸಂಬಳವಿರಲಿಲ್ಲ.

"ನೀವಿಬ್ಬರೂ ಆಮೇಲೆ ಕಚ್ಚಾಡ್ಕೊಳ್ಳಿ," ಎಂದ ತಮ್ಮ, ಲಾರಿಯ ಹಿಂಬದಿಯ ಹಲಗೆ ಹಿಡಿದು. "ನಮ್ಮ ಬೆವರಿನ ದುಡ್ಡು ಬರೋವರೆಗೂ ಒಂದು ಡಬ್ಬಾನೂ ಅಲ್ಲಾಡಲ್ಲ."

"ಕೈ ತೆಗಿ," ಎಂದ ಕೆಂಪು ಟೋಪಿಯವನು.

"ತೆಗೆಯಲ್ಲ. ಏನ್ ಮಾಡ್ತೀಯ?"

ಬೀಗದಕ್ಕ ಮೂರೇ ಹೆಜ್ಜೆ ದೂರದಲ್ಲಿದ್ದಳು. ಸರಳು ಮೇಲೆದ್ದದ್ದನ್ನು ಕಂಡಳು. ಕೂಗಬಹುದಿತ್ತು, ಅಡ್ಡ ಹೋಗಬಹುದಿತ್ತು. ಕಾಲು ನೆಲಕ್ಕೆ ಕಚ್ಚಿಕೊಂಡಿತು. ಸರಳು ತಮ್ಮನ ಬಲಗೈ ಬೆರಳುಗಳ ಮೇಲೆ ಬಿತ್ತು; ಒಣಸೌದೆ ಮುರಿದ ಸದ್ದು. ಅವನು ಕೈಯನ್ನು ಎದೆಗವುಚಿಕೊಂಡು ಕುಸಿಯುವ ಮುನ್ನವೇ ಇನ್ನೊಂದು ಏಟು ಅದೇ ಕೈಯ ಮಣಿಕಟ್ಟಿಗೆ ಬಿತ್ತು. ಅವನ ಬಾಯಿಂದ ಬಂದ ಕೂಗು ಮನುಷ್ಯನದರಂತಿರಲಿಲ್ಲ.

ಅಂಗಳ ಹೊತ್ತಿಕೊಂಡಿತು. ಟವರಿನವರು ಹತ್ತುವಾಗ ಕಟ್ಟಿಕೊಳ್ಳುವ ಸೊಂಟದ ಪಟ್ಟಿ ಬಿಚ್ಚಿ ಅದರ ತುದಿಯ ಕೊಕ್ಕೆಗಳನ್ನು ಬೀಸಿದರು. ಒಬ್ಬನ ಕೆನ್ನೆ ಕಿವಿಯವರೆಗೆ ಸೀಳಿತು. ಜಗಳಕ್ಕೂ ತನಗೂ ಸಂಬಂಧವಿಲ್ಲದ ಹಮಾಲನೊಬ್ಬ ದವಡೆ ಮುರಿದು ಹಲ್ಲು ಉಗುಳುತ್ತಿದ್ದ. ಗುಮಾಸ್ತ ಲಾರಿಯ ಕೆಳಗೆ ತೆವಳಿಕೊಂಡು ಹೋದ. ಅವನ ಕನ್ನಡಕ ಯಾರದೋ ಬೂಟಿನಡಿ ಪುಡಿಯಾಯಿತು.

ಬೀಗದಕ್ಕ ಗಾಯಕ್ಕೆ ಕಟ್ಟುವ ಬಟ್ಟೆ ತರಲು ಒಳಗೆ ಓಡಿದಳು. ಮಹಡಿಯ ಕಚೇರಿಯಿಂದ ಹಿಂದಿನ ಮೆಟ್ಟಿಲಿನಲ್ಲಿ ಮಾಲೀಕ ಇಳಿಯುತ್ತಿದ್ದ, ಚೀಲ ಹೆಗಲಿಗೆ, ಬೂಟು ಕೈಯಲ್ಲಿ.

"ಅಕ್ಕ, ಹಿಂಬಾಗಿಲು ತೆಗೀರಿ. ಬೇಗ."

"ಸಾರ್, ನನ್ನ ತಮ್ಮನ ಕೈ..."

"ಆಸ್ಪತ್ರೆ ಖರ್ಚು ನಾನು ನೋಡ್ಕೋತೀನಿ. ಮೊದಲು ಬಾಗಿಲು!"

ನೋಡಿಕೊಳ್ಳುತ್ತೇನೆ ಎಂಬ ಆ ಮಾತು ಅವಳ ನೆತ್ತಿಗೇರಿತು. ಅವನ ಕಾಲರಿಗೆ ಕೈ ಹಾಕಿದಳು. ಅವನು ಚೀಲದಿಂದ ಅವಳ ಬಾಯಿಗೆ ಬಡಿದ, ತುಟಿ ಒಡೆಯಿತು. ಅವಳು ಬಿಡಲಿಲ್ಲ. ಅವನ ತಲೆಯನ್ನು ಕಬ್ಬಿಣದ ಕಪಾಟಿನ ಅಂಚಿಗೆ ಒಮ್ಮೆ ಅಪ್ಪಳಿಸಿ, ಅವನು ತತ್ತರಿಸುತ್ತಿದ್ದಾಗಲೇ ಅಂಗಳಕ್ಕೆ ದರದರ ಎಳೆದು ತಂದಳು.

"ಇಲ್ಲಿ ನೋಡ್ರೋ!" ಎಂದು ಕಿರುಚಿದಳು. "ಒಂದೇ ಡಬ್ಬ, ಎರಡು ಪಟ್ಟಿ! ಇಬ್ಬರಿಗೂ ಅಡವಿಟ್ಟೋನು ಇವನು. ಬರೆದೋಳು ನಾನು."

ಒಂದು ಗಳಿಗೆ ಎಲ್ಲರ ಕೈಯೂ ನಿಂತಿತು. ಆಮೇಲೆ ಅಷ್ಟು ಹೊತ್ತು ಒಬ್ಬರನ್ನೊಬ್ಬರು ಸೀಳುತ್ತಿದ್ದವರು ಒಂದೇ ಗುಂಪಾದರು. ಸರಳಿನವರು, ಟವರಿನವರು, ದವಡೆ ಮುರಿದ ಹಮಾಲನೂ ಸೇರಿ ಮಾಲೀಕನ ಮೇಲೆ ಮುಗಿಬಿದ್ದರು. ಅವಳು ನೋಡುತ್ತ ನಿಂತಳು. ಮೊದಲ ಒದೆಗೆ ಅವಳ ಹೊಟ್ಟೆ ತಂಪಾಯಿತು. ಬೀಳಲಿ, ಅಂದುಕೊಂಡಳು, ಇನ್ನೂ ಬೀಳಲಿ. ಪಕ್ಕೆಲುಬು ಮುರಿದ ಸದ್ದು ಕೇಳಿಸಿತು. ಅವನ ತಲೆ ಸಿಮೆಂಟಿನ ನೆಲಕ್ಕೆ ಬಡಿದು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಕಾಲೊಂದು ತನ್ನಷ್ಟಕ್ಕೆ ಅದುರತೊಡಗಿತು.

"ಸಾಕು, ಸತ್ತೋಗ್ತಾನೆ!" ಎಂದಳು. ಕೇಳುವವರಾರು? ಕೆಂಪು ಟೋಪಿಯವನು ಸರಳನ್ನು ಎರಡೂ ಕೈಯಲ್ಲಿ ಎತ್ತಿದ. ಈ ಸಲ ಅವಳ ಕಾಲು ಎದ್ದವು. ಹೋಗಿ ಮಾಲೀಕನ ಮೇಲೆ ಅಡ್ಡಲಾಗಿ ಬಿದ್ದಳು. ಏಟು ಅವಳ ಕೊರಳೆಲುಬಿಗೆ ಬಿತ್ತು.

ಪೊಲೀಸರು ಬಂದಾಗ ಅಂಗಳದಲ್ಲಿ ಒಂಬತ್ತು ಮಂದಿ ಮಲಗಿದ್ದರು. ಪ್ರಾಣ ಯಾರದೂ ಹೋಗಲಿಲ್ಲ. ಮಾಲೀಕನ ಒಂದು ಕಿವಿ ಕೇಳದಂತಾಯಿತು. ಆಸ್ಪತ್ರೆಯಿಂದ ನೇರ ಜೈಲಿಗೆ ಹೋದ. ಕೆಂಪು ಟೋಪಿಯವನೂ ಹೋದ. ಬೀಗದಕ್ಕ ಎರಡು ಪಟ್ಟಿಗಳ ವಿಷಯ ಒಂದೂ ಬಿಡದೆ ಹೇಳಿಕೆ ಕೊಟ್ಟಳು. ಸಹಿ ಅವಳದೇ ಆದ್ದರಿಂದ ಅವಳ ಮೇಲೂ ಮೊಕದ್ದಮೆ ಬಿತ್ತು. ಸದ್ಯಕ್ಕೆ ಜಾಮೀನು ಸಿಕ್ಕಿತು. ಡಬ್ಬಗಳು ಹರಾಜಾದವು. ಆ ಕಾಲದ ರೇಡಿಯೊ ಈಗ ಯಾರಿಗೂ ಬೇಡ. ಗುಜರಿಯವನು ತೂಕದ ಲೆಕ್ಕದಲ್ಲಿ ಕೊಂಡ. ಬಂದ ದುಡ್ಡು ವಕೀಲರಿಗೇ ಸಾಲಲಿಲ್ಲ.

ತಮ್ಮನ ಮೂರು ಬೆರಳು ತೆಗೆಯಬೇಕಾಯಿತು. ಕೊರಳಿಗೆ ಪಟ್ಟಿ ಕಟ್ಟಿಕೊಂಡೇ ಅವಳು ದಿನವೂ ಊಟದ ಡಬ್ಬಿ ಹಿಡಿದು ಅವನ ವಾರ್ಡಿಗೆ ಹೋಗುತ್ತಿದ್ದಳು. ಅವನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಏಳನೆಯ ದಿನ ಬಾಯಿ ಬಿಟ್ಟ.

"ಅವನ ಮೇಲೆ ಹೋಗಿ ಬಿದ್ದೆಯಂತೆ."

"ಹೂಂ."

"ನನ್ನ ಮೇಲೆ ಬೀಳಲಿಲ್ಲ ನೀನು."

ಭಯ ಆಯಿತು ಅನ್ನಬಹುದಿತ್ತು. ಅದು ಅರ್ಧ ನಿಜ. ಆ ಪಟ್ಟಿಯ ಸಹಿ ತನ್ನದೆಂದು ಅವನಿಗೆ ತಿಳಿದುಬಿಡುತ್ತದಲ್ಲ ಎಂದು ಸರಳು ಮೇಲೆದ್ದ ಗಳಿಗೆಯಲ್ಲೂ ಯೋಚಿಸುತ್ತ ನಿಂತಿದ್ದನ್ನು ಅವನಿಗೆ ಹೇಗೆ ಹೇಳುವುದು? ಕೊನೆಗೂ ಹೇಳಿದಳು. ಒಂದೊಂದೇ ಮಾತು, ಅಳದೆ.

ಅವನು ಊಟದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ನಾಳೆಯಿಂದ ಬರಬೇಡ ಅಕ್ಕ," ಎಂದ. ಆಮೇಲೆ ಎಡಗೈಯಲ್ಲಿ ಡಬ್ಬಿಯ ಮುಚ್ಚಳ ತೆಗೆಯಲು ಹೆಣಗಿದ. ಅವಳು ಕೈ ನೀಡಿದಾಗ ಬೇಡವೆನ್ನಲಿಲ್ಲ, ಆದರೆ ಅವಳ ಮುಖವನ್ನೂ ನೋಡಲಿಲ್ಲ.

ಮರುದಿನವೂ ಅವಳು ಹೋದಳು. ಡಬ್ಬಿಯನ್ನು ನರ್ಸಿನ ಕೈಗೆ ಕೊಟ್ಟು, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಳು.