ಹಿಡಿಗೆ ಕಿವಿ ಕೊಟ್ಟು

ಶವದ ವ್ಯಾನು ಮೂರನೆಯ ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಗ್ಯಾರೇಜಿನ ಬಾಗಿಲಲ್ಲೇ ನಿಂತುಬಿಟ್ಟಿತು. ಅದರೊಳಗೆ ಮಲಗಿದ್ದ ಮೇಸ್ತ್ರಿ ನಲವತ್ತು ವರ್ಷ ಇದೇ ಬಾಗಿಲಲ್ಲಿ ಊರಿನ ಇಂಜಿನ್‌ಗಳ ಕೆಮ್ಮು ಬಿಡಿಸಿದವರು. ಅವರನ್ನು ಒಯ್ಯಲು ಇಂಥ ಗಾಡಿಯೇ ಬರಬೇಕಿತ್ತೆ?

“ಲೀಟರಿಗೆ ಐದು ಕಿಲೋಮೀಟರೂ ಕೊಡಲ್ಲ ಇದು. ಬೇರೆ ವ್ಯಾನ್ ತರಿಸ್ಲಾ?” ಡ್ರೈವರ್ ತಲೆ ಕೆರೆದುಕೊಂಡ.

“ಬೇಡ. ಬಾನೆಟ್ ಎತ್ತಿ,” ಎಂದು ಮೇಸ್ತ್ರಿಯ ಮಗಳು ಅಂಗಿಯ ತೋಳು ಮಡಚಿದಳು.

“ಇವತ್ತೊಂದು ದಿನ ಬಿಡಮ್ಮ, ಜನ ನೋಡ್ತಿದಾರೆ,” ಎಂದರು ಚಿಕ್ಕಪ್ಪ.

“ನೋಡ್ಲಿ ಬಿಡಿ ಚಿಕ್ಕಪ್ಪ. ಹೀಗೇ ಕಳಿಸಿದ್ರೆ ಅಪ್ಪ ದಾರಿಯುದ್ದಕ್ಕೂ ನನ್ನನ್ನೇ ಬೈತಾರೆ.”

ಏರ್ ಫಿಲ್ಟರ್ ಧೂಳು ತಿಂದು ಕಂಬಳಿಯಂತಾಗಿತ್ತು. ಗಾಳಿ ಸಾಲದೆ ಪೆಟ್ರೋಲ್ ಅರ್ಧಂಬರ್ಧ ಉರಿದು ಹೊಗೆಯಾಗಿ ಹೋಗುತ್ತಿತ್ತು. “ಇಂಜಿನ್ ಬರೀ ಕುಡಿದು ಬದುಕಲ್ಲ ಕಣೇ, ಉಸಿರಾಡ್ಬೇಕು,” ಎನ್ನುತ್ತಿದ್ದರು ಅಪ್ಪ. ಅವಳು ಹೊಸ ಫಿಲ್ಟರ್ ಹಾಕಿ, ಪ್ಲಗ್ಗುಗಳ ಮಸಿ ತೆಗೆದು, ಗೋಡೆಯಿಂದ ಅಪ್ಪನ ಉದ್ದನೆಯ ಸ್ಕ್ರೂಡ್ರೈವರ್ ಇಳಿಸಿಕೊಂಡಳು.

*

ಆ ಸ್ಕ್ರೂಡ್ರೈವರ್ ಕಂಡರೆ ಅವಳಿಗೆ ಸಿಟ್ಟು. ಅವಳು ಎಷ್ಟೇ ಚೆನ್ನಾಗಿ ಟ್ಯೂನ್ ಮಾಡಲಿ, ಅಪ್ಪ ಬಂದು ಅದರ ತುದಿಯನ್ನು ಇಂಜಿನ್‌ಗೆ ಒತ್ತಿ, ಒಳಗಿನ ಸದ್ದು ಆಲಿಸಲು ಹಿಡಿಗೆ ಕಿವಿ ಕೊಟ್ಟು, ಅವಳನ್ನೇ ನೋಡುತ್ತ ನಿಲ್ಲುತ್ತಿದ್ದರು. ಆಮೇಲೆ, “ಹೂಂ, ಗಾಡಿ ಕೊಟ್ಬಿಡು.”

“ಹತ್ತು ವರ್ಷ ಆಯ್ತಪ್ಪ. ಇನ್ನೂ ನನ್ನ ಕೆಲಸದ ಮೇಲೆ ನಂಬಿಕೆ ಬಂದಿಲ್ವಾ?” ಕಳೆದ ತಿಂಗಳು ಸ್ಪ್ಯಾನರ್ ನೆಲಕ್ಕೆ ಎಸೆದು ಕೇಳಿದ್ದಳು.

ಅಪ್ಪ ನಕ್ಕು ಕೈ ಒರೆಸಿಕೊಂಡರು. ಇನ್ನು ಮತ್ತೆ ಕೇಳುವಂತೆಯೂ ಇಲ್ಲ.

*

“ಕೊನೇವರೆಗೂ ನನ್ನ ನಂಬಲೇ ಇಲ್ಲ,” ಎಂದಳು ಮಗಳು, ಪಕ್ಕಕ್ಕೆ ಬಂದು ನಿಂತ ಅಮ್ಮನಿಗೆ.

ಅಮ್ಮ ದನಿ ತಗ್ಗಿಸಿದಳು. “ಆರು ವರ್ಷದಿಂದ ಅವರಿಗೆ ಇಂಜಿನ್ನಿನ ಸಣ್ಣ ಸದ್ದು ಕೇಳ್ತಾನೇ ಇರ್ಲಿಲ್ಲ ಕಣೇ. ಯಾರಿಗೂ ಹೇಳ್ಬೇಡ ಅಂದಿದ್ರು.”

“ಮತ್ತೆ ಕಿವಿ ಇಟ್ಕೊಂಡು ಏನು ಮಾಡ್ತಿದ್ರು?”

“ನಿನ್ನ ಮುಖ ನೋಡ್ತಿದ್ರು. ‘ಅವಳು ಹುಬ್ಬು ಗಂಟು ಹಾಕಿಲ್ಲ ಅಂದ್ರೆ ಗಾಡಿ ಸರಿಯಾಗಿದೆ ಅಂತ ಲೆಕ್ಕ’ ಅಂತಿದ್ರು.”

ಅವಳಿಗೆ ಅಳು ಉಕ್ಕಿ ಬಂತು. ಕೈಯೆಲ್ಲ ಗ್ರೀಸ್ ಆಗಿದ್ದರಿಂದ ಮೊಣಕೈಯಲ್ಲೇ ಕಣ್ಣೊರೆಸಿಕೊಂಡಳು.

ಡ್ರೈವರ್ ಕೀ ತಿರುಗಿಸಿದ. ಅವಳು ಕಾರ್ಬ್ಯುರೇಟರಿನ ಸ್ಕ್ರೂವನ್ನು ಅರ್ಧ ಸುತ್ತು ಬಿಗಿದು, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್‌ಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟಳು. ಮತ್ತೆ ಕಾಲು ಸುತ್ತು. ಮತ್ತೆ ಕಿವಿ.

ಜನರೆಲ್ಲ ಹೊಗೆ ಕೊಳವೆಯನ್ನೇ ನೋಡುತ್ತಿದ್ದರು. ಅಮ್ಮ ಮಾತ್ರ ಮಗಳ ಹುಬ್ಬಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಗಂಟು ಮೆಲ್ಲಗೆ ಸಡಿಲವಾಯಿತು.

“ಸರಿಯಾಗಿದೆ,” ಎಂದಳು ಅಮ್ಮ ಡ್ರೈವರ್‌ಗೆ. “ಹೊರಡಿ.”