ಹತ್ತು ಕಳವಿನಲ್ಲಿ ಏಳು ಲಗ್ನದ್ದು

ಶಿರಗುಪ್ಪಿಯ ನಡುವಿನ ಓಣಿಯ ಮುರಗೆಪ್ಪನಿಗೆ ಹುಚ್ಚು ಹಿಡಿದದ್ದು ಒಂದು ಕರಪತ್ರದಿಂದ. ಅಪರಾಧ ತಡೆ ಮಾಸಾಚರಣೆ ಅಂತ ಪೊಲೀಸರು ಬಂದು, ಶಾಲೆಯ ಮುಂದೆ ಮೈಕು ಹಚ್ಚಿ ಭಾಷಣ ಮಾಡಿ, ಕೈಗೊಂದು ಕರಪತ್ರ ಕೊಟ್ಟು ಹೋದರು. ಉಳಿದವರು ಅದರಲ್ಲಿ ಭಜಿ ಕಟ್ಟಿಸಿಕೊಂಡು ತಿಂದರು. ಮುರಗೆಪ್ಪ ಒಬ್ಬನೇ ಓದಿದ. ಹತ್ತು ಮನೆ ಕಳವಾದರೆ ಅದರಲ್ಲಿ ಏಳು, ಮನೆಮಂದಿಯೆಲ್ಲ ಬೀಗ ಹಾಕಿಕೊಂಡು ಲಗ್ನಕ್ಕೆ ಹೋದಾಗ ಆಗುತ್ತವೆ ಎಂದು ಅದರಲ್ಲಿ ಬರೆದಿತ್ತು. ಓದಿದವನು ಓದಿ ಸುಮ್ಮನಿರಬೇಕು. ಇವನು ವಿಚಾರ ಮಾಡಿದ. ಅಲ್ಲಿಗೇ ಕೆಟ್ಟಿತು.

"ಲಗ್ನಕ್ಕ ಹೋಗೂದ ಬಿಟ್ರ ಹತ್ತರಾಗ ಏಳು ಕಳವು ಆಗೂದs ಇಲ್ಲ," ಎಂದು ಹೆಂಡತಿಗೆ ಹೇಳಿದ.

ಕಸ್ತೂರೆವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಉಳದ ಮೂರು?"

"ಅವು ಮಣ್ಣಿಗೆ ಹೋದಾಗ ಆಗಿರಬೇಕು. ಅಲ್ಲಿಗೂ ಹೋಗೂದು ಬ್ಯಾಡ."

ಹೇಳಿದ ಹಾಗೇ ನಡೆದ ಪುಣ್ಯಾತ್ಮ. ಎರಡು ವರ್ಷ ಯಾರ ಲಗ್ನಕ್ಕೂ ಹೋಗಲಿಲ್ಲ, ಯಾರ ಹೆಣಕ್ಕೂ ಹೆಗಲು ಕೊಡಲಿಲ್ಲ. ಅಥಣಿಯ ಸ್ವಂತ ತಂಗಿಯ ಮಗನ ಲಗ್ನದ ದಿನ ಅಂಗಳದಲ್ಲಿ ಹೊರಸು ಹಾಕಿಕೊಂಡು, ಬಡಿಗೆ ಹಿಡಿದು ಕೂತಿದ್ದ. ಓಣಿಯವರು ನಕ್ಕರು. "ನಗ್ರಿ. ಲೆಕ್ಕ ಸುಳ್ಳ ಹೇಳೂದಿಲ್ಲ," ಎಂದ.

ಆಮೇಲೆ ಏನಾಯಿತು ಅಂದರೆ, ಎದುರು ಮನೆಯ ತುಕಾರಾಮ ಮನೆಮಂದಿಯನ್ನೆಲ್ಲ ಕರೆದುಕೊಂಡು ರಾಯಬಾಗಕ್ಕೆ ಒಂದು ಲಗ್ನಕ್ಕೆ ಹೋದ. ತಿರುಗಿ ಬರುವಷ್ಟರಲ್ಲಿ ಬೀಗ ಮುರಿದಿತ್ತು. ಹೋದದ್ದು ಗ್ಯಾಸಿನ ಸಿಲಿಂಡರು ಮತ್ತು ಒಂದು ಭರಣಿ ಉಪ್ಪಿನಕಾಯಿ. ಬಂಗಾರದ ಡಬ್ಬಿಯನ್ನು ಕಳ್ಳ ಮುಟ್ಟಿರಲೂ ಇಲ್ಲ, ಪಾಪ ಹಸಿದಿದ್ದನೋ ಏನೋ. ಆದರೂ ಕಳವು ಕಳವೇ. ಅವತ್ತಿನಿಂದ ಓಣಿಯಲ್ಲಿ ಮುರಗೆಪ್ಪನ ಮಾತೇ ಮಾತು. ಸಂಜೆಯಾದರೆ ಕಟ್ಟೆಗೆ ಬಂದು ಕೇಳುವವರು ಹೆಚ್ಚಾದರು, ಕೇಳುವವರಿದ್ದರೆ ಇವನಿಗೂ ವಿಚಾರ ಹೆಚ್ಚು ಹೊಳೆಯತೊಡಗಿತು.

ಮನೆಯಲ್ಲಿ ಒಬ್ಬರನ್ನು ಬಿಟ್ಟು ಹೋದರೆ ಸಾಲದು, ಒಂಟಿ ಮುದುಕರಿದ್ದ ಮನೆಯೆಂದರೆ ಕಳ್ಳರಿಗೆ ಬಲು ಪ್ರೀತಿ. ಇಬ್ಬರಿರಬೇಕು. ಉಳಿದ ಹೆಣ್ಣುಮಕ್ಕಳು ಸರ ಹಾಕಿಕೊಂಡು ಬೈಕಿನ ಮೇಲೆ ಹೋದರೆ ದಾರಿಯಲ್ಲೇ ಕಳ್ಳರು ಸರ ಹರಿಯುತ್ತಾರೆ. ಸರ ಬಿಚ್ಚಿಟ್ಟು ಹೋದರೆ ಸರ ಮನೆಯಲ್ಲಿದೆ ಅಂತ ಆಯಿತು, ಅದನ್ನು ಕಾಯಲು ಗಟ್ಟಿ ಗಂಡಸೇ ಬೇಕು. ಹೀಗೆ ಕೂಡಿಸಿ ಕಳೆದು ನೋಡಿದರೆ ಯಾರೂ ಎಲ್ಲಿಗೂ ಹೋಗದಿರುವುದೇ ಲೇಸು ಎಂದು ಮುರಗೆಪ್ಪ ತೀರ್ಪು ಕೊಟ್ಟ. ಓಣಿ ತಲೆಯಾಡಿಸಿತು.

ಇಂಥ ಹೊತ್ತಿನಲ್ಲಿ ಮಗಳು ಪ್ರಾಜಕ್ತಾಳ ಲಗ್ನ ಕೂಡಿಬಂತು. ನಿಪ್ಪಾಣಿಯ ಆಬಾಸಾಹೇಬರ ಮಗ ರೂಪೇಶ. ಹುಡುಗ ಬಂಗಾರದಂಥವನು, ಮಗಳಿಗೂ ಮನಸ್ಸಿತ್ತು. ನಿಶ್ಚಯದ ದಿನ ಆಬಾಸಾಹೇಬರು ಚಹದ ಬಸಿ ಕೆಳಗಿಟ್ಟು ಒಂದೇ ಮಾತು ಹೇಳಿದರು.

"ಕೊಡೂದು ತಗೊಳ್ಳೂದು ನಮಗ ಏನೂ ಬ್ಯಾಡ್ರಿ, ಬೀಗರ. ನಿಮ್ಮ ಓಣಿ ಮಂದಿ ಎಲ್ಲಾರೂ ನಿಂತು ಅಕ್ಕಿಕಾಳು ಹಾಕಬೇಕು. ಮಂದಿ ಬೇಕಾದವರ ಮನಿ ಹೆಣ್ಣು ನಮಗ ಬೇಕಾಗೇತಿ."

"ಅದೇನ ದೊಡ್ಡ ಮಾತ್ರಿ," ಎಂದುಬಿಟ್ಟ ಮುರಗೆಪ್ಪ.

ಲಗ್ನದ ವಾರದಲ್ಲಿ ಇವನು ಹೆಂಡತಿಯ ಮುಂದೆ ಮೆಲ್ಲಗೆ ಬಾಯಿ ಬಿಟ್ಟ. "ಕಾಗವಾಡದ ಮಂಗಲ ಕಾರ್ಯಾಲಯಕ್ಕ ನೀವೆಲ್ಲಾ ಹೋಗ್ರಿ. ನಾ ಮನಿ ಕಾಯ್ತೀನಿ."

"ಮದುವಿ ಆಗೂತನಕ ಹುಚ್ಚು ಬಿಡೂದಿಲ್ಲ ಅಂತಾರ," ಎಂದಳು ಕಸ್ತೂರೆವ್ವ. "ನಿಮಗ ಮದುವಿ ಆಗಿ ಮಗಳ ಮದುವಿ ಬಂದ್ರೂ ಬಿಡಲಿಲ್ಲ. ಕನ್ಯಾದಾನ ಯಾರು ಮಾಡ್ತಾರ, ಎದುರಮನಿ ತುಕಾರಾಮ?"

ಪ್ರಾಜಕ್ತಾ ಜಗಳಕ್ಕೆ ಬರಲಿಲ್ಲ. "ಅಪ್ಪ ಬರದಿದ್ರ ನಾನೂ ಇಲ್ಲೇ ಇರ್ತೀನಿ ಬಿಡ್ರಿ, ಇಬ್ಬರು ಆಗ್ತೇವಿ," ಎಂದು ಒಳಗೆ ಹೋದಳು. ಮುರಗೆಪ್ಪನಿಗೆ ಆ ಮಾತು ಚುಚ್ಚಿತು. ಮಗಳೆಂದರೆ ಅವನಿಗೆ ಜೀವ. ರಾತ್ರಿಯಿಡೀ ಹೊರಳಾಡಿ, ಬೆಳಗಾಗುವಷ್ಟರಲ್ಲಿ ಉಪಾಯ ಹುಡುಕಿದ. ಮನೆಯಲ್ಲಿ ಏನೂ ಇಲ್ಲದಿದ್ದರೆ ಕಳ್ಳ ಬಂದು ಒಯ್ಯುವುದಾದರೂ ಏನನ್ನು?

ಲಗ್ನದ ಮುಂಜಾನೆ ಟ್ರ್ಯಾಕ್ಟರಿನ ಟ್ರಾಲಿಗೆ ತಿಜೋರಿ ಏರಿತು. ಟಿವಿ, ಮಿಕ್ಸರ್, ಗಾದಿ, ಹಿಟ್ಟಿನ ಡಬ್ಬಿ, ದ್ರಾಕ್ಷಿಗೆ ಔಷಧ ಹೊಡೆಯುವ ಪಂಪು, ಕೊನೆಗೆ ಹಿತ್ತಲಿನ ಆಡೂ ಏರಿತು. ಕಾರ್ಯಾಲಯದ ಮುಂದೆ ಟ್ರಾಲಿ ನಿಂತಾಗ ಗಂಡಿನ ಕಡೆಯವರು ಬಳುವಳಿ ಬಂತೆಂದು ಇಳಿಸಲು ಓಡಿ ಬಂದರು. "ಮುಟ್ಟಬ್ಯಾಡ್ರಿ, ಇದು ನಮ್ಮ ಮನಿ," ಎಂದ ಮುರಗೆಪ್ಪ.

ಒಳಗೆ ಹೋಗಿ ನೋಡುತ್ತಾನೆ, ಗಂಡಿನ ಕಡೆ ಕೂರಲು ಜಾಗವಿಲ್ಲ. ಹೆಣ್ಣಿನ ಕಡೆಯ ಕುರ್ಚಿಗಳಲ್ಲಿ, ಲಗ್ನಕ್ಕೆ ಬಾರಿಸಲು ಬಂದ ಬ್ಯಾಂಜೋದವರು ಡೋಲು ಪಕ್ಕಕ್ಕಿಟ್ಟು ಚಹಾ ಕುಡಿಯುತ್ತಿದ್ದರು. ಪರವೂರಿನ ಬಳಗ ಬರುವ ಮಾತೇ ಇರಲಿಲ್ಲ. ಎರಡು ವರ್ಷ ಇವನು ಯಾರ ಹೊಸ್ತಿಲು ತುಳಿದಿದ್ದ ಅಂತ ಅವರು ಬರಬೇಕು? ಆದರೆ ಓಣಿ? ಓಣಿಯ ಒಂದು ನರಪಿಳ್ಳೆಯೂ ಇರಲಿಲ್ಲ.

ಆಬಾಸಾಹೇಬರು ಬಾಗಿಲಲ್ಲಿ ನಿಂತು ಟ್ರಾಲಿಯನ್ನೊಮ್ಮೆ, ಕುರ್ಚಿಗಳನ್ನೊಮ್ಮೆ ನೋಡಿದರು. "ಸಾಮಾನು ಬಂದಾವು. ಮಂದಿ ಎಲ್ಲ್ಯದಾರ್ರಿ, ಬೀಗರ?"

"ಈಗ ಬರ್ತಾರ್ರಿ," ಎಂದ ಮುರಗೆಪ್ಪ. ಮೂಲೆಗೆ ಹೋಗಿ ತುಕಾರಾಮನಿಗೆ ಫೋನು ಹಚ್ಚಿದ.

"ಬರೂದ ಹ್ಯಾಂಗ ಅಣ್ಣಾ?" ತುಕಾರಾಮ ತಣ್ಣಗೆ ಹೇಳಿದ. "ಅವ್ವನ್ನ ಒಬ್ಬಾಕಿನ್ನ ಬಿಡಾಕ ಬರೂದಿಲ್ಲ. ಇಬ್ಬರಾದ್ರೂ ಬೇಕು. ಇಕಿ ಸರಾ ಬಿಚ್ಚಿಟ್ಟಾಳ, ಅದನ್ನ ನಾ ಕಾಯಾಕತ್ತೀನಿ. ನೀವs ಹೇಳಿದ್ದಲ್ಲೇನು?"

"ತುಕಾರಾಮಾ, ಆ ಲೆಕ್ಕಾ ಸುಳ್ಳೋ. ಕೈ ಮುಗೀತೀನಿ, ಬಾ."

"ಮಗಳ ಲಗ್ನದ ಅವಸರದಾಗ ಹಂಗ ಅಂತೀರಿ, ಅಣ್ಣಾ. ಲೆಕ್ಕ ಸುಳ್ಳ ಹೇಳೂದಿಲ್ಲ."

ಮತ್ತೊಂದು ಮನೆಗೆ ಹಚ್ಚಿದ, ಅಲ್ಲೂ ಅದೇ ಪಾಠ. ಇನ್ನೊಂದು ಮನೆಯವರಂತೂ ಮನೆಗೆ ಬೀಗ ಹಾಕಿಸಿ ನಮ್ಮನ್ನು ಹೊರಗೆ ಕರೆಯುವ ನಿನ್ನ ಮಸಲತ್ತೇನು ಎಂದು ಕೇಳಿದರು. ತಾನೇ ತೋಡಿದ ಗುಂಡಿ, ಬೀಳಲು ಇನ್ಯಾರು ಬರುತ್ತಾರೆ? ಮುರಗೆಪ್ಪ ಕುರ್ಚಿಯಲ್ಲಿ ಕುಸಿದ. ಲಗ್ನ ಮುರಿದರೆ ಮಗಳ ಮುಖ ಹೇಗೆ ನೋಡಲಿ ಎಂದುಕೊಂಡ.

ಬಾಸಿಂಗ ಕಟ್ಟಿಕೊಂಡ ಪ್ರಾಜಕ್ತಾ ಕೋಣೆಯಿಂದ ಹೊರಗೆ ಬಂದಳು. ಅವಳಿಗೆ ಎಲ್ಲವೂ ಕೇಳಿಸಿತ್ತು. ಮಾವನ ಮುಂದೆ ನಿಂತು, ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡು ಹೇಳಿದಳು: "ಮಾಮಾ, ನಮ್ಮ ಓಣಿ ಮಂದಿ ಹೊಸ್ತಿಲಾ ಬಿಟ್ಟು ಬರೂದಿಲ್ರಿ. ನಾವs ಅವರ ಹೊಸ್ತಿಲಕ್ಕ ಹೋಗೂಣು."

ಆಬಾಸಾಹೇಬರು ಲಗ್ನ ಮಾಡಿಸಲು ಬಂದ ಸ್ವಾಮಿಗಳ ಮುಖ ನೋಡಿದರು. "ಮುಹೂರ್ತ ವ್ಯಾಳ್ಯಾಕ್ಕ ಇರತೈತಿ, ಜಾಗಾಕ್ಕ ಅಲ್ಲ," ಎಂದರು ಸ್ವಾಮಿಗಳು. ರೂಪೇಶ ಆಗಲೇ ಟ್ರಾಲಿ ಹತ್ತಿದ್ದ.

ಮದುಮಗ, ಮದುಮಗಳು ತಿಜೋರಿಯ ಮೇಲೆ ಕೂತರು. ಸ್ವಾಮಿಗಳು ಮೈಕು ಹಿಡಿದು ಗಾದಿಯ ಸುರುಳಿಗೆ ಒರಗಿದರು. ಬೀಗರು, ಬ್ಯಾಂಜೋದವರು ಸಿಕ್ಕ ಗಾಡಿ ಹತ್ತಿ ಹಿಂದೆ ಬಂದರು. ಕಬ್ಬಿನ ನಡುವೆ ಹಾದು ಮೆರವಣಿಗೆ ಶಿರಗುಪ್ಪಿ ಮುಟ್ಟಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಓಣಿಯ ಬಾಯಲ್ಲಿ ಎಲ್ಲರೂ ಇಳಿದು, ಅಕ್ಕಿಕಾಳು ಹಂಚುತ್ತ ನಡೆದರು, ಟ್ರಾಲಿ ಮೆಲ್ಲಗೆ ಹಿಂದೆ ಬಂತು. ಸ್ವಾಮಿಗಳು ಮಂಗಲಾಷ್ಟಕ ಶುರು ಮಾಡಿದರು.

ಓಣಿಯವರು ಮೊದಲು ಬೆಪ್ಪಾದರು. ಆಮೇಲೆ ಒಂದೊಂದೇ ಬಾಗಿಲಿನಿಂದ ಕಾಳು ಬೀಳತೊಡಗಿತು. ಹೊಸ್ತಿಲ ಆಚೆ ಯಾರ ಹೆಜ್ಜೆಯೂ ಬರಲಿಲ್ಲ ಅನ್ನಿ. ಒಬ್ಬಳು ಒಂದು ಕೈಯಲ್ಲಿ ಕಾಳು ತೂರಿ ಇನ್ನೊಂದರಲ್ಲಿ ಬಾಗಿಲ ಚಿಲಕ ಹಿಡಿದಿದ್ದಳು. ಕಣ್ಣು ಮಂಜಾದ ಅಕ್ಕವ್ವಜ್ಜಿ ಟ್ರಾಲಿಯ ಮೇಲಿನ ಆಡಿಗೆ ಕಾಳು ಹಾಕಿ, ನೂರು ವರ್ಷ ಬಾಳವ್ವಾ ಎಂದು ಹರಸಿದಳು. ಪ್ರಾಜಕ್ತಾ ನಗುತ್ತಿದ್ದಳು, ಆಬಾಸಾಹೇಬರ ಮುಖವೂ ಸಡಿಲಾಗಿತ್ತು.

ಕೊನೆಯ ಹೊಸ್ತಿಲು ಮುರಗೆಪ್ಪನದು. ಅಲ್ಲಿ ಕಾಳು ಹಾಕಲು ಯಾರೂ ಇರಲಿಲ್ಲ. "ಈ ಮನಿಯವರು ಯಾರ್ರಿ? ಬರ್ರಿ, ಇದೊಂದs ಉಳದೈತಿ," ಎಂದರು ಸ್ವಾಮಿಗಳು. ಕಸ್ತೂರೆವ್ವ ಗಂಡನ ಕೈಗೆ ಒಂದು ಹಿಡಿ ಕಾಳು ಸುರಿದಳು.

ಮುರಗೆಪ್ಪ ಹೊಸ್ತಿಲ ಮೇಲೆ ನಿಂತ. ಬೆನ್ನ ಹಿಂದೆ ಬರಿದಾದ ಮನೆ. ಮುಂದೆ ಹಳದಿ ಸೀರೆಯ ಮಗಳು ತಲೆ ಬಾಗಿಸಿ ನಿಂತಿದ್ದಳು. ಈ ಕಾಳು ಬಿದ್ದರೆ ಅವಳು ನಿಪ್ಪಾಣಿಯವಳು. ಎರಡು ವರ್ಷ ಏನೆಲ್ಲ ಹೋದೀತು ಎಂದು ಲೆಕ್ಕ ಹಾಕಿದವನಿಗೆ ಇದು ಮಾತ್ರ ಹೊಳೆದಿರಲಿಲ್ಲ. ದುಃಖ ಒತ್ತರಿಸಿ ಬಂತು. ಮುಷ್ಟಿ ಬಿಗಿಯಿತು.

"ಹಾಕ್ರಿ ಅಪ್ಪಾ," ಎಂದಳು ಪ್ರಾಜಕ್ತಾ. "ವ್ಯಾಳ್ಯಾ ಮೀರತೈತಿ."

"ಕೈ ಬಿಚ್ಚವಲ್ದವ್ವಾ," ಎಂದು ಮುರಗೆಪ್ಪ ಹುಡುಗರ ಹಾಗೆ ಅತ್ತುಬಿಟ್ಟ.

ತುಕಾರಾಮ ಎದುರಿನ ಹೊಸ್ತಿಲಿನಿಂದ ಇಳಿದು ಬಂದ. ಅವನ ಹಿಂದೆ ಅವನ ಹೆಂಡತಿ. ಅಕ್ಕವ್ವಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಆಮೇಲೆ ಯಾರು ಮೊದಲು, ಯಾರು ಹಿಂದೆ ಎಂದು ತಿಳಿಯಲಿಲ್ಲ, ಇಡೀ ಓಣಿ ಬಂದು ಅವನನ್ನು ಸುತ್ತುಗಟ್ಟಿತು. ಬಾಗಿಲುಗಳೆಲ್ಲ ತೆರೆದೇ ಇದ್ದವು. ಯಾರೋ ಬೆನ್ನು ಸವರಿದರು, ಯಾರೋ ಭುಜ ಹಿಡಿದರು. ಕಸ್ತೂರೆವ್ವ ತಾನೂ ಅಳುತ್ತ, ಗಂಡನ ಕೈಯನ್ನು ಮಗಳ ತಲೆಯ ಮೇಲೆ ಎತ್ತಿ ಹಿಡಿದು ಒಂದೊಂದೇ ಬೆರಳು ಬಿಡಿಸಿದಳು.