ಓಗೊಡುವವಳು

ನಮ್ಮ ಬಲೆ ಎಳೆಯುವ ಹಾಡಿಗೆ ಎರಡು ಪಾಲು. ಹಗ್ಗದ ಮುಂದೆ ನಿಂತವಳು ಕರಾವಳಿಯ ಒಂದೊಂದೇ ಜಾಗದ ಹೆಸರು ಕೂಗುತ್ತಾಳೆ: ಬೋಳುಗುಡ್ಡ, ಜೋಡಿಬಂಡೆ, ಹಳೆ ಅಳಿವೆ. ಅಲ್ಲೇನು ಮಾಡಬೇಕೆಂದು ಹಿಂದಿನವರು ಓಗೊಡಬೇಕು: ಎಡಕ್ಕೆ ಹೋಗು, ಕಲ್ಲಿದೆ ದೂರ ಇರು, ಸಿಹಿನೀರಿದೆ ತುಂಬಿಕೋ. ಕೂಗುತ್ತಿದ್ದವಳು ನನ್ನ ಅತ್ತಿಗೆ. ನಾನು ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದ ನಾದಿನಿ. ಹಗ್ಗದ ಕೊನೆಯಲ್ಲಿ, ಸೊಂಟದವರೆಗೂ ನೀರಲ್ಲಿ ನಿಲ್ಲುವವಳು.

ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಅಣ್ಣ ತೀರಿಕೊಂಡ ಮೇಲೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡೇ ಬದುಕಿದೆವು. ಬೆಳಿಗ್ಗೆ ಎದ್ದ ಕೂಡಲೇ ಅಡುಗೆಮನೆಯಿಂದ ಕೇಳುತ್ತಿದ್ದಳು, "ಏ ಕುಳ್ಳಿ, ಇದ್ದೀಯಾ ಹೋದ್ಯಾ?"

"ನಿನ್ನ ಕಳಿಸಿಯೇ ನಾನು ಹೋಗೋದು" ಅನ್ನುತ್ತಿದ್ದೆ.

ನನ್ನ ಹಾಳು ಬಾಯಿ! ಹೋದ ವರ್ಷ ಅವಳು ಹೋದಳು. ಈಗ ನಾನು ಇದ್ದೀನಾ ಎಂದು ಯಾರೂ ಕೇಳುವುದಿಲ್ಲ. ಮಧ್ಯಾಹ್ನದವರೆಗೆ ತುಟಿ ತೆರೆಯದ ದಿನಗಳೂ ಇವೆ. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಎಂಜಿನ್ ದೋಣಿಗಳು ಬಂದ ಮೇಲೆ ಕೈಯಲ್ಲಿ ಬಲೆ ಎಳೆಯುವವರಿಲ್ಲ. ಹಾಗಾಗಿ, ಊರಲ್ಲಿ ಹೊಸದಾಗಿ ಕಟ್ಟುತ್ತಿದ್ದ ಮ್ಯೂಸಿಯಂನ ಮೇಡಂ ಹಾಡು ರೆಕಾರ್ಡ್ ಮಾಡಲು ನನ್ನನ್ನು ಹುಡುಕಿಕೊಂಡು ಬಂದರು.

"ಆ ಹಾಡು ಗೊತ್ತಿರೋರು ನೀವೊಬ್ರೇ ಉಳಿದಿರೋದು ಅಮ್ಮಾ."

"ನಂಗೆ ಬರೋದು ಅರ್ಧ."

"ಇಷ್ಟು ವರ್ಷ ಕೇಳಿದ್ದೀರಲ್ಲ, ಆ ಅರ್ಧಾನೂ ನೀವೇ ಹೇಳಿಬಿಡಿ."

ಹೇಳಲು ಹೋದೆ. ಬಂಡೆ ಮೊದಲೋ ಅಳಿವೆ ಮೊದಲೋ, ಒಂದೂ ನೆನಪಾಗಲಿಲ್ಲ. ಓಗೊಡುವವರೇ ಇಲ್ಲದೆ ಕೂಗುವುದಾದರೂ ಹೇಗೆ? ಕೊನೆಗೆ ನಾನೇ ಷರತ್ತು ಹಾಕಿದೆ.

"ನನ್ನ ಪಾಲು ಹೇಳ್ತೀನಿ. ಅತ್ತಿಗೆ ಕೂಗೋ ಜಾಗ ಖಾಲಿ ಬಿಡಬೇಕು. ಅದನ್ನ ಯಾರೂ ಮುಟ್ಟಬಾರದು."

ಮೇಡಂ ಒಪ್ಪಿದರು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಮೈಕಿನ ಮುಂದೆ ಕೂರಿಸಿದರು. ಅತ್ತಿಗೆ ಕೂಗುವಷ್ಟು ಹೊತ್ತು ಕಣ್ಣುಮುಚ್ಚಿ ಕಾಯುತ್ತಿದ್ದೆ, ಆಮೇಲೆ ಓಗೊಡುತ್ತಿದ್ದೆ. ಬಲೆ ದಡ ಸೇರಿದಾಗ ಕೂಗುವವಳು ಕೇಳುವ ಕೊನೆಯ ಮಾತು, 'ನೀರಲ್ಲಿ ಯಾರಿದ್ದೀರಿ?' ಅದಕ್ಕೆ ಹಗ್ಗದ ಕೊನೆಯವಳೊಬ್ಬಳೇ ಉತ್ತರ ಕೊಡಬೇಕು. ಅದನ್ನೂ ಕೊಟ್ಟೆ.

ಮ್ಯೂಸಿಯಂ ತೆರೆದ ದಿನ ಹೋದೆ. ಕೋಣೆಯ ನಡುವೆ ಗಾರೆಯಲ್ಲಿ ಮಾಡಿದ ಕರಾವಳಿ, ಅದರ ಅಂಚಿಗೊಂದು ಗುಂಡಿ. ಒತ್ತಿದರೆ ಗೋಡೆಯಿಂದ ನನ್ನ ದನಿ ಬಂತು: ಎಡಕ್ಕೆ ಹೋಗು ಕಲ್ಲಿದೆ ದೂರ ಇರು ಸಿಹಿನೀರಿದೆ ತುಂಬಿಕೋ. ಒಂದೇ ಉಸಿರಿಗೆ, ಹುಚ್ಚಿ ತನ್ನಷ್ಟಕ್ಕೆ ಒದರಿಕೊಂಡ ಹಾಗೆ. ನನಗೆ ಮೈಯೆಲ್ಲ ಉರಿಯಿತು.

"ನಮ್ಮತ್ತಿಗೆ ಎಲ್ಲಿ?"

ರೆಕಾರ್ಡಿಂಗ್ ಮೆಷೀನು ನೋಡಿಕೊಳ್ಳುವ ಹುಡುಗ ತಬ್ಬಿಬ್ಬಾದ. "ಅಲ್ಲಿ ಏನೂ ಇರ್ಲಿಲ್ಲ ಅಜ್ಜಿ, ತೆಗೆದೆ. ಸದ್ದಿಲ್ಲದಿದ್ರೆ ಕೆಟ್ಟುಹೋಗಿದೆ ಅಂತ ಜನ ಹೊರಟುಬಿಡ್ತಾರೆ."

"ಹೊರಡಲಿ! ಅವಳ ಜೊತೆ ಜನ್ಮವೆಲ್ಲ ಜಗಳಾಡಿದೋಳು ನಾನು. ಅವಳ ಬಾಯಿ ಮುಚ್ಚಿಸೋಕೆ ನನ್ನ ಕೈಲೇ ಆಗ್ಲಿಲ್ಲ. ನೀನ್ಯಾವನೋ?"

ಮೇಡಂ ಮುಖ ಸಣ್ಣದಾಯಿತು. "ತಪ್ಪಾಯ್ತಮ್ಮಾ" ಎಂದು ಅವನಿಗೆ ಸನ್ನೆ ಮಾಡಿದರು. ಅವನು ಮೊದಲಿದ್ದದ್ದನ್ನೇ ಹಾಕಿಕೊಟ್ಟ.

ಮತ್ತೆ ಒತ್ತಿದೆ. ಸದ್ದಿಲ್ಲ. ನೋಡಲು ಬಂದವರು ಒಂದು ಕ್ಷಣ ನಿಂತು ಪಕ್ಕದ ಕೋಣೆಗೆ ಹೋದರು. ಅವನು ಹೇಳಿದ್ದು ಸುಳ್ಳಲ್ಲ. ಅತ್ತಿಗೆಗಾಗಿ ಬಿಡಿಸಿಕೊಂಡ ಜಾಗದ ಮುಂದೆ ನಾನು ಪೆಚ್ಚಾಗಿ ನಿಂತಿದ್ದೆ. ಸಂಕಟ ತಡೆಯಲಾಗದೆ ಬಾಯಿ ತಾನಾಗಿ ತೆರೆಯಿತು.

"ಬೋಳುಗುಡ್ಡಾ!"

'ಎಡಕ್ಕೆ ಹೋಗು' ಎಂದಿತು ಗೋಡೆ.

"ಜೋಡಿಬಂಡೇ!"

'ಕಲ್ಲಿದೆ, ದೂರ ಇರು.'

ಗೋಡೆ ಓಗೊಟ್ಟಂತೆಲ್ಲ ಮುಂದಿನ ಹೆಸರು ನಾಲಿಗೆಗೆ ಬಂತು. ಒಂದೂ ತಪ್ಪಲಿಲ್ಲ. ಕೊನೆಗೆ, ಅವಳು ಕೇಳುತ್ತಿದ್ದ ಹಾಗೆಯೇ ಕೇಳಿದೆ.

"ನೀರಲ್ಲಿ ಯಾರಿದ್ದೀರಿ?"

'ನಾನೊಬ್ಬಳಿದ್ದೀನಿ. ಬರ್ತಿದ್ದೀನಿ.'

ಅಷ್ಟು ಕಿವಿಗೆ ಬಿದ್ದ ಮೇಲೆಯೇ ಅತ್ತಿಗೆ ಹಗ್ಗ ಕೆಳಗಿಡುತ್ತಿದ್ದಳು. ನನಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಮತ್ತೆ ಗುಂಡಿ ಒತ್ತಿದೆ.